ಇನ್ನೊಂದು ಇದೆಯಲ್ಲ

ಪಕ್ಕದ ಮನೆಯ ಆಂಟಿ ಆ ಮಾತು ಹೇಳಿ ನಾಲ್ಕು ದಿನವಾಯಿತು. ಪಾತ್ರೆ ತೊಳೆಯುವಾಗಲೂ ಅದೇ ನೆನಪು.

ಭಾನುವಾರ ಅವರ ಮನೆಯಲ್ಲಿ ಪೊಪಿಯಾ. ಎಣ್ಣೆಯಲ್ಲಿ ಕರಿದ ಗರಿಗರಿ ಸ್ಪ್ರಿಂಗ್ ರೋಲ್ ಅಲ್ಲ. ಮೆತ್ತಗಿನ ಹಾಳೆಯಲ್ಲಿ ಹೂರಣ ಸುತ್ತಿ ಆಗಿಂದಾಗಲೇ ತಿನ್ನುವಂಥದ್ದು. ಆಂಟಿಯ ಹಿರಿಯರು ಚೀನಾದ ಫುಜಿಯಾನ್‌ನಿಂದ ಸಿಂಗಪುರಕ್ಕೆ ಬಂದವರು. ಅವರ ಹೊಕ್ಕಿಯೆನ್ ಮಾತಿನಲ್ಲಿ ಪೊಪಿಯಾ ಎಂದರೆ ತೆಳು ರೊಟ್ಟಿ, ಅಷ್ಟೇ. ಏಪ್ರಿಲ್ ಮೊದಲ ವಾರ ಚಿಂಗ್‌ಮಿಂಗ್, ಹಿರಿಯರನ್ನು ನೆನೆಯುವ ಹಬ್ಬ. ಆಗ ಮನೆಮಂದಿಯೆಲ್ಲ ಮೇಜಿನ ಸುತ್ತ ಕೂತು ತಮ್ಮದನ್ನು ತಾವೇ ಸುತ್ತಿಕೊಳ್ಳಬೇಕು. ನಮ್ಮಿಬ್ಬರಿಗಾಗಿ ಹೂರಣಕ್ಕೆ ಹಂದಿಮಾಂಸ, ಸೀಗಡಿ ಹಾಕಿರಲಿಲ್ಲ.

ಹಿಟ್ಟು ನಮ್ಮ ಹೋಳಿಗೆಯ ಕಣಕಕ್ಕಿಂತಲೂ ಸಡಿಲ. ಅಂಗೈಯಲ್ಲಿ ಒಂದು ಮುದ್ದೆ ಹಿಡಿದು, ಜಾರಿಹೋಗದಂತೆ ಕೈ ಕುಣಿಸುತ್ತಾ, ಕಾದ ಕಾವಲಿಗೆ ಒತ್ತಿ ಒಂದು ಸುತ್ತು ತಿರುವಿ ಎತ್ತಿಬಿಡುತ್ತಾರೆ. ಅಂಟಿಕೊಂಡಷ್ಟೇ ಹಾಳೆ. ಎಲ್ಲಾದರೂ ಗಂಟು ನಿಂತರೆ ಅದೇ ಮುದ್ದೆಯನ್ನು ತಾಗಿಸಿ ಕಿತ್ತುಕೊಳ್ಳುತ್ತಾರೆ. ಅಂಚು ಎದ್ದೊಡನೆ ಬರಿಬೆರಳಿನಲ್ಲಿ ಸುಲಿದು ಒದ್ದೆ ಬಟ್ಟೆಯಡಿ ಇಡುತ್ತಾರೆ. ನಾನು ಕೈಹಾಕಿದಾಗ ಮುದ್ದೆಯೇ ಜಾರಿ ಕಾವಲಿಯ ಮೇಲೆ ಕೂತಿತು.

ಸುತ್ತುವುದಾದರೂ ಬಂದೀತು ಎಂದುಕೊಂಡೆ. ಮೊದಲು ಲೆಟ್ಯೂಸ್ ಎಲೆ, ರಸ ಹಾಳೆಗೆ ಇಳಿಯದಿರಲಿ ಎಂದು. ಅದರ ಮೇಲೆ ಸಿಹಿ ಸಾಸ್, ಅರೆದ ಮೆಣಸಿನಕಾಯಿ, ರಸ ಹಿಂಡಿದ ಬಂಗ್‌ಕ್ವಾಂಗ್ ಗೆಡ್ಡೆಯ ಪಲ್ಯ, ತೋಫು, ಶೇಂಗಾ ಪುಡಿ. ಎಲ್ಲವನ್ನೂ ಎರಡೆರಡು ಚಮಚ ಹಾಕಿದೆ. ಮಡಚಿದರೆ ಹೊಟ್ಟೆ ಬಿರಿಯಿತು. ಆಂಟಿ ಇನ್ನೊಂದು ಹಾಳೆ ತೆಗೆದು, ಹರಿದದ್ದಕ್ಕೆ ಹೊದಿಸುತ್ತಾ, ತಲೆಯೆತ್ತದೆ ಹೇಳಿದರು: "ಇಷ್ಟೊಂದು ಯಾಕೆ ತುಂಬುತ್ತೀಯ? ಇನ್ನೊಂದು ಇದೆಯಲ್ಲ."

ನಮ್ಮ ಯಜಮಾನರು ಮೊದಲ ಸಲಕ್ಕೇ ಬೀಡಿಯಂತೆ ಅಚ್ಚುಕಟ್ಟಾಗಿ ಸುತ್ತಿ ಎಲ್ಲರಿಗೂ ತೋರಿಸಿದರು. ಮನೆಯಲ್ಲಿ ಸೌಟು ಮುಟ್ಟದವರಿಗೇ ಇಂಥ ಕೈಗುಣ!

ಇನ್ನೊಂದು ಇದೆಯಲ್ಲ. ಊರಿನಿಂದ ಹೊರಡುವಾಗ ಸೂಟ್‌ಕೇಸಿನ ಮೇಲೆ ಕೂತು ಜಿಪ್ ಎಳೆಯುವವಳು ನಾನು. ವಿಮಾನ ನಿಲ್ದಾಣದ ತೂಕದ ಯಂತ್ರದ ಮುಂದೆ ಹಪ್ಪಳದ ಕಟ್ಟು, ಮೆಂತ್ಯಹಿಟ್ಟು ತೆಗೆದು ಅಣ್ಣನ ಕೈಗೆ ವಾಪಸ್ ಕೊಟ್ಟವಳು. ಅಮ್ಮನೊಡನೆ ಹತ್ತು ನಿಮಿಷದ ಫೋನಿನಲ್ಲಿ ಇಡೀ ವಾರವನ್ನು ತುರುಕಿ, ಅವಳು ಬಾಯಿ ತೆರೆಯುವಷ್ಟರಲ್ಲಿ ಇಟ್ಟುಬಿಡುವವಳು. ಮುಂದಿನ ಸಲ ಎನ್ನುವುದನ್ನು ನಾನು ಯಾವತ್ತೂ ನಂಬಿದ್ದೇ ಇಲ್ಲ.

ಆದರೆ ಆಂಟಿ ಅಂದು ಬೆಳಿಗ್ಗೆಯಷ್ಟೇ ಮಂದಾಯಿಯ ಅಸ್ಥಿಭವನಕ್ಕೆ ಹೋಗಿ, ಗಂಡನ ಅಸ್ಥಿ ಇಟ್ಟ ಗೂಡನ್ನು ಒರೆಸಿ, ಊದುಬತ್ತಿ ಹಚ್ಚಿ ಬಂದಿದ್ದರು. ಅಂಥವರಿಗೆ ಆ ಮಾತು ಅಷ್ಟು ನಿಶ್ಚಿಂತೆಯಿಂದ ಹೇಗೆ ಬಂತು? ಕೇಳುವ ಧೈರ್ಯ ನನಗಿಲ್ಲ.

ಅವರು ಕಟ್ಟಿಕೊಟ್ಟಿದ್ದ ನಾಲ್ಕು ಹಾಳೆಗಳಲ್ಲಿ ನಿನ್ನೆ ಆಲೂಗಡ್ಡೆ ಪಲ್ಯ ಸುತ್ತಿದೆ. ಮೂರು ಹರಿದವು.