ಹಜರತ್ ಇಟ್ಟಿದ್ದ ಇನ್ನೂರು ಪುಟದ ನೋಟ್‌ಬುಕ್

ಹಗಲು ಸರ್ಕಾರಿ ಕನ್ನಡ ಶಾಲೆ, ಸಂಜೆಯ ಮಗ್ರಿಬ್ ನಮಾಜ್ ಆದಮೇಲೆ ಬೆಂಗಳೂರಿನ ಟ್ಯಾನರಿ ರಸ್ತೆಯ ಗಲ್ಲಿಯೊಳಗಿನ ನಮ್ಮ ಈ ಮದ್ರಸಾ. ಮನೆಯಲ್ಲಿ ದಖ್ನಿ, ಶಾಲೆಯಲ್ಲಿ ಕನ್ನಡ, ಇಲ್ಲಿ ಉರ್ದು. ಒಂದೇ ಬ್ಯಾಗಿನಲ್ಲಿ ಗಣಿತದ ಪುಸ್ತಕವೂ ಫಿಕ್ಹ್, ಅಂದರೆ ಧರ್ಮನಿಯಮಗಳ, ಕಿತಾಬೂ ಇರುತ್ತಿದ್ದವು.

ಅಂದು ಜಕಾತ್, ಅಂದರೆ ಉಳ್ಳವರು ಕೊಡಲೇಬೇಕಾದ ದಾನದ ಪಾಠ. ಚಿನ್ನ, ಬೆಳ್ಳಿ, ಒಂಟೆ, ಕುರಿಯ ಲೆಕ್ಕಗಳು; ವರ್ಷ ತುಂಬಿದ ಹಣಕ್ಕೆ ನಲವತ್ತರಲ್ಲಿ ಒಂದು ಪಾಲು. ಎಲ್ಲ ಬಾಯಿಪಾಠವಾಗಿತ್ತು. ರಸೆಲ್ ಮಾರ್ಕೆಟ್ಟಿನಲ್ಲಿ ಹಣ್ಣು ಮಾರುವವರ ಮಗನೊಬ್ಬ ಎದ್ದು ನಿಂತ. "ಹಜರತ್, ಮನೆ ಓನರ್‌ಗೆ ಅಬ್ಬಾ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟಿದ್ದಾರೆ. ಅದರ ಜಕಾತ್ ಯಾರು ಕೊಡಬೇಕು?"

ನಾವು ಹಜರತ್ ಎಂದು ಕರೆಯುತ್ತಿದ್ದ ನಮ್ಮ ಮೇಷ್ಟ್ರು ಕಿತಾಬಿನ ನಡುವೆ ಬೆರಳಿಟ್ಟು ಮುಚ್ಚಿದರು. "ನೋಡಿ ಹೇಳ್ತೀನಿ ಬೇಟಾ" ಅಂದರು. ಮೂರನೇ ದಿನ ಉತ್ತರ ತಂದರು, ಒಂದಲ್ಲ, ಎರಡು. ಆ ಹಣ ಓನರ್‌ಗೆ ಕೊಟ್ಟ ಸಾಲದಂತೆ ಎಂದರೆ ಜಕಾತ್ ಬಾಡಿಗೆದಾರನದು. ಅಡವಿಟ್ಟದ್ದು ಎಂದರೆ ವಾಪಸ್ ಕೈಸೇರುವ ತನಕ ಅವನ ಮೇಲಿಲ್ಲ. ಎರಡೂ ಕಡೆ ಉಲಮಾ, ಅಂದರೆ ಧರ್ಮ ಪಂಡಿತರು, ಇದ್ದಾರೆ ಎಂದು ಹೇಳಿ, ನಮ್ಮನ್ನು ಎರಡು ಗುಂಪು ಮಾಡಿ ವಾದಕ್ಕೆ ಬಿಟ್ಟರು. ರಾತ್ರಿಯ ಇಶಾ ನಮಾಜಿನ ಅಜಾನ್ ಕೇಳಿಸಿದಾಗಲೇ ನಾವು ಸುಮ್ಮನಾದದ್ದು.

ಮರುದಿನ ಇನ್ನೂರು ಪುಟದ ನೋಟ್‌ಬುಕ್ ಬಂತು. ಪ್ರಶ್ನೆ ನಾವು ಬರೆಯಬೇಕು, ಕನ್ನಡದಲ್ಲಾದರೂ ಸರಿ. ಪ್ರತಿ ಗುರುವಾರ ಅದರಿಂದಲೇ ಸಬಕ್, ಅಂದರೆ ಪಾಠ. ಮಾಲೂರಿನಿಂದ ಬಂದಿದ್ದವನು ಹೊಲದ ಉಶ್ರ್, ಅಂದರೆ ಬೆಳೆಯ ಮೇಲಿನ ಜಕಾತ್ ಬಗ್ಗೆ ಬರೆದ. ಮಳೆಯ ಬೆಳೆಗೆ ಹತ್ತರಲ್ಲಿ ಒಂದು, ನೀರೆತ್ತಿ ಬೆಳೆದದ್ದಕ್ಕೆ ಇಪ್ಪತ್ತರಲ್ಲಿ ಒಂದು ಎಂದು ಹಜರತ್ ಹೇಳಿದಾಗ, ಅವನ ಮನೆಯ ರಾಗಿಗೂ ಬೋರ್‌ವೆಲ್ ಟೊಮೆಟೊಗೂ ಇದ್ದ ವ್ಯತ್ಯಾಸ ಇಡೀ ಕ್ಲಾಸಿಗೆ ತಿಳಿಯಿತು.

ಆಸ್ತಿ ಹಂಚಿಕೆಯ ಪಾಠ ಮಾತ್ರ ಯಾರ ತಲೆಗೂ ಹತ್ತುತ್ತಿರಲಿಲ್ಲ. ಒಬ್ಬ ತೀರಿಕೊಂಡಿದ್ದಾನೆ; ಹೆಂಡತಿ, ಒಬ್ಬ ಮಗ, ಒಬ್ಬ ಮಗಳು ಉಳಿದಿದ್ದಾರೆ. ಹೆಂಡತಿಗೆ ಎಂಟನೇ ಒಂದು, ಮಿಕ್ಕದ್ದು ಮಗನಿಗೆ ಎರಡು ಪಾಲು, ಮಗಳಿಗೆ ಒಂದು. ಹಜರತ್ ಉರ್ದುವಿನಲ್ಲಿ ಬಿಡಿಸಿ ಹೇಳುತ್ತಿದ್ದಂತೆ ನನ್ನ ಪಕ್ಕದವನು ಪಿಸುಗುಟ್ಟಿದ: "ಲೇ, ಇದು ಲ.ಸಾ.ಅ. ಕಣೋ!" ಹಜರತ್ ಅವನ ಕೈಗೇ ಸೀಮೆಸುಣ್ಣ ಕೊಟ್ಟರು. ಎಂಟು, ಮೂರು, ಇಪ್ಪತ್ನಾಲ್ಕು. ಹೆಂಡತಿಗೆ 3, ಮಗನಿಗೆ 14, ಮಗಳಿಗೆ 7. ಬೋರ್ಡಿನ ಮೇಲೆ ಕನ್ನಡ ಅಂಕಿಗಳು. ಹಜರತ್ ವಿದ್ಯಾರ್ಥಿಗಳ ಸಾಲಿನಲ್ಲಿ ಕೂತು ನೋಡುತ್ತಿದ್ದರು. ಮುಂದಿನ ವರ್ಷದಿಂದ ಹಂಚಿಕೆಗೆ ಮೊದಲು ಒಂದು ತಿಂಗಳು ಭಿನ್ನರಾಶಿ ಕಲಿಸಬೇಕೆಂದು ಪಾಠಪಟ್ಟಿಯಲ್ಲಿ ಬರೆದರು.

ಕೆಲವು ಹಿರಿಯರಿಗೆ ಇದು ಹಿಡಿಸಲಿಲ್ಲ. ಹಜರತ್ ಮೆತ್ತಗೆ ನೆನಪಿಸಿದರು: 1748ರಲ್ಲಿ ತೀರಿಕೊಂಡ ಲಖನೌದ ಫರಂಗಿ ಮಹಲ್‌ನ ಮುಲ್ಲಾ ನಿಜಾಮುದ್ದೀನ್ ರೂಪಿಸಿದ ಮದ್ರಸಾ ಪಠ್ಯಕ್ರಮ ದರ್ಸೆ ನಿಜಾಮಿಯಲ್ಲೇ ತರ್ಕವೂ ಗಣಿತವೂ ಇದ್ದವು. 9ನೇ ಶತಮಾನದ ಬಾಗ್ದಾದಿನಲ್ಲಿ ಅಲ್-ಖ್ವಾರಿಜ್ಮಿ ಬರೆದ ಬೀಜಗಣಿತದ ಗ್ರಂಥದಲ್ಲಿ ದೊಡ್ಡ ಭಾಗ ಈ ವಾರಸುದಾರಿಕೆಯ ಲೆಕ್ಕವೇ.

ಮದ್ರಸಾ ಪಠ್ಯ ಬದಲಾಗಬೇಕು ಅಂದಕೂಡಲೇ ಈಗ ಕಂಪ್ಯೂಟರ್ ಮಾತು ಬರುತ್ತದೆ. ಬರಲಿ, ಅದೂ ಬೇಕು. ಆದರೆ ಪಠ್ಯದ ಸಭೆಗೆ ನನ್ನನ್ನು ಕರೆದಾಗಲೆಲ್ಲ ನಾನು ಮೊದಲು ಕೇಳುವುದು, ಈ ವರ್ಷ ಮಕ್ಕಳು ಏನೇನು ಕೇಳಿದರು ಅಂತ.

ಆ ನೋಟ್‌ಬುಕ್ ಈಗ ಮದ್ರಸಾ ಆಫೀಸಿನ ಬೀರುವಿನಲ್ಲಿದೆ. ಮದ್ರಸಾ ನಡೆಸುವವರೇ, ದಯವಿಟ್ಟು ಬೀಗ ತೆಗೆದು ಕ್ಲಾಸಿಗೆ ಕೊಡಿ. ಹೋದ ರಂಜಾನ್‌ನಲ್ಲಿ ಬಂದಿದ್ದಾಗ ಏಳನೇ ಕ್ಲಾಸಿನ ಹುಡುಗಿಯೊಬ್ಬಳು, ಅಮ್ಮಿ ಕಟ್ಟುತ್ತಿರುವ ಚೀಟಿ ದುಡ್ಡಿಗೆ ಜಕಾತ್ ಹೇಗೆ ಎಂದು ನನ್ನನ್ನು ಕೇಳಿದಳು. ಆ ಪ್ರಶ್ನೆಯನ್ನು ಆ ನೋಟ್‌ಬುಕ್ಕಿನಲ್ಲಿ ಅವಳ ಕೈಯಿಂದಲೇ ಬರೆಸಬೇಕು.