ಹತ್ತು ಎಕರೆಗೆ ಹೊಸ ಟ್ರ್ಯಾಕ್ಟರ್ ಬೇಕಾ?

“ಹತ್ತು ಎಕರೆ ಇದೆ. ಜಿಎಸ್‌ಟಿ ಬೇರೆ ಇಳಿದಿದೆ. ಹೊಸ ಟ್ರ್ಯಾಕ್ಟರ್ ತಗೊಂಡುಬಿಡ್ಲಾ?” ಹಾವೇರಿ, ಧಾರವಾಡದ ಕಡೆಯ ನೆಂಟರು, ಗೆಳೆಯರು ನನ್ನನ್ನು ಪದೇಪದೇ ಕೇಳುವ ಪ್ರಶ್ನೆ ಇದು. ಧಾರವಾಡದ ಕೃಷಿ ಮೇಳ ಮುಗಿದ ಮೇಲಂತೂ ಫೋನ್ ಜಾಸ್ತಿ.

ಹೆಚ್ಚಿನವರಿಗೆ ನಾನು ಹೇಳುವುದು ಬೇಡ ಅಂತಲೇ.

ಜಿಎಸ್‌ಟಿ ಇಳಿದದ್ದು ನಿಜ. 2025ರ ಸೆಪ್ಟೆಂಬರ್ 22ರಿಂದ ಶೇ 12 ಇದ್ದದ್ದು ಶೇ 5 ಆಗಿದೆ. ಎಂಟು ಲಕ್ಷದ ಗಾಡಿಗೆ ಹೆಚ್ಚುಕಡಿಮೆ 50 ಸಾವಿರ ಉಳಿಯುತ್ತದೆ. ಆದರೆ ಉಳಿದ ಏಳೂವರೆ ಲಕ್ಷ ಯಾರು ಕೊಡಬೇಕು?

ಎಲ್ಲರೂ ಎಕರೆ ಎಣಿಸುತ್ತಾರೆ. ನಾನು ಗಂಟೆ ಕೇಳುತ್ತೇನೆ. ಗೋವಿನಜೋಳ (ಮೆಕ್ಕೆಜೋಳ), ಹತ್ತಿ ಬೆಳೆಯುವ ಹೊಲಕ್ಕೆ ನೇಗಿಲು, ಮಣ್ಣು ಪುಡಿ ಮಾಡುವ ರೋಟವೇಟರ್, ಕುಂಟೆ, ಬಿತ್ತನೆ ಎಲ್ಲ ಸೇರಿ ಎಕರೆಗೆ ವರ್ಷಕ್ಕೆ ಆರು ಗಂಟೆ ಹಿಡಿಯಿರಿ. ಹತ್ತು ಎಕರೆಗೆ 60 ಗಂಟೆ. ಬಾಡಿಗೆ ಗಂಟೆಗೆ ಸಾವಿರ ಅಂದುಕೊಂಡರೂ 60 ಸಾವಿರಕ್ಕೆ ಕೆಲಸ ಮುಗಿಯಿತು. ಡೀಸೆಲ್, ಡ್ರೈವರ್ ಎಲ್ಲ ಅದರಲ್ಲೇ ಬಂತು.

ಈಗ ಸ್ವಂತದ್ದು. ಟ್ರ್ಯಾಕ್ಟರ್, ರೋಟವೇಟರ್ ಸೇರಿ ಎಂಟು ಲಕ್ಷ ಸಾಲ, ಶೇ 10ರ ಬಡ್ಡಿ, ಏಳು ವರ್ಷ. ಆರು ತಿಂಗಳಿಗೊಮ್ಮೆ 80 ಸಾವಿರದ ಮೇಲೆ ಕಂತು, ಅಂದರೆ ವರ್ಷಕ್ಕೆ 1.6 ಲಕ್ಷ. ಗಂಟೆಗೆ ನಾಲ್ಕೈದು ಲೀಟರ್ ಡೀಸೆಲ್ ಅಂದರೆ 400 ರೂಪಾಯಿ. ಬಾಡಿಗೆಯ ಸಾವಿರದಲ್ಲಿ ಕೈಗೆ ಉಳಿಯುವುದು 600. ಕಂತು ಹುಟ್ಟಬೇಕಾದರೇ 270 ಗಂಟೆ ಓಡಿಸಬೇಕು. ರಿಪೇರಿ, ವಿಮೆ, ಟೈರು ಇನ್ನೂ ಲೆಕ್ಕಕ್ಕೆ ಬಂದಿಲ್ಲ. ನಿಮ್ಮ ಹೊಲದ 60 ಕಳೆದರೆ 210 ಗಂಟೆ ಊರವರ ಹೊಲದಲ್ಲಿ ದುಡಿಯಬೇಕು. ಅದೂ ಉದ್ರಿಯಲ್ಲಿ. “ಸುಗ್ಗಿ ಆದ್ಮೇಲೆ ಕೊಡ್ತೀನಣ್ಣ” ಅಂದವರ ಹಿಂದೆ ತಿರುಗುವ ತಾಳ್ಮೆ ಇದೆಯಾ? ಮನೆಯಲ್ಲಿ ಸ್ಟೇರಿಂಗ್ ಹಿಡಿಯುವ ಹುಡುಗ ಇದ್ದಾನಾ? ಎರಡಕ್ಕೂ ಹೌದು ಅಂದವರಿಗೆ ತಗೊಳ್ಳಿ ಅನ್ನುತ್ತೇನೆ.

ಇದಕ್ಕೆ ಸ್ವಂತದ್ದೇ ಬೇಕು ಅನ್ನುವವರ ಕಡೆಯಿಂದ ಒಂದು ಗಟ್ಟಿ ಮಾತಿದೆ. ಹದ, ಅಂದರೆ ಮಣ್ಣು ಉಳಲು, ಬಿತ್ತಲು ತಕ್ಕಷ್ಟು ತೇವ ಇರುವ ಹೊತ್ತು. ಕಪ್ಪು ಮಣ್ಣಿನ ಎರೆ ಹೊಲದಲ್ಲಿ ಮಳೆ ಬಿದ್ದ ಕೂಡಲೇ ಕಾಲಿಡುವಂತಿಲ್ಲ, ನಾಲ್ಕು ದಿನ ಬಿಟ್ಟರೆ ಬಿರುಕು ಬಿಡುತ್ತದೆ. ನಡುವಿನ ಎರಡು ಮೂರು ದಿನದಲ್ಲೇ ಇಡೀ ಊರು ಒಂದೇ ಟ್ರ್ಯಾಕ್ಟರಿನವನಿಗೆ ಫೋನ್ ಮಾಡುತ್ತದೆ. ಅವನು ಮೊದಲು ದೊಡ್ಡ ಹೊಲಕ್ಕೆ ಹೋಗುತ್ತಾನೆ. ಸರ್ಕಾರದ ಯೋಜನೆಯಲ್ಲಿ ಯಂತ್ರ ಬಾಡಿಗೆಗೆ ಕೊಡುವ ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆ ಕಡಿಮೆ, ಆದರೆ ಹದದ ದಿನ ಅಲ್ಲೂ ಸರದಿ. ಬಿತ್ತನೆ ಒಂದು ವಾರ ತಡವಾದರೆ ಆಗುವ ನಷ್ಟ ಯಾವ ಕಂತಿನ ಲೆಕ್ಕದಲ್ಲೂ ಬರುವುದಿಲ್ಲ. ಈ ಕಾರಣಕ್ಕೇ ಬೇಕು ಅಂದರೆ ನಾನು ವಾದ ಮಾಡುವುದಿಲ್ಲ. ಆದರೆ ವರ್ಷದ ಆ ನಾಲ್ಕಾರು ದಿನಕ್ಕೆ ಹೊಸದೇ ಆಗಬೇಕಾ? ಅಣ್ಣತಮ್ಮಂದಿರು, ಬದು ಹಂಚಿಕೊಂಡವರು ಇಬ್ಬರು ಮೂವರು ಸೇರಿ ಒಂದು ಹಳೆಯದು ತಗೊಂಡರೆ ಸಾಕು. ಯಾರ ಹೊಲ ಮೊದಲು ಅನ್ನುವುದನ್ನು ಮಾತ್ರ ಬೇಸಿಗೆಯಲ್ಲೇ ತೀರ್ಮಾನಿಸಿ, ಮಳೆ ಬಿದ್ದ ಮೇಲೆ ಅಲ್ಲ.

ಬಾಗಿಲ ಮುಂದೆ ಟ್ರ್ಯಾಕ್ಟರ್ ನಿಂತಿದ್ದರೆ ಮಗನಿಗೆ ಹೆಣ್ಣು ಸಿಗುವುದು ಸುಲಭ ಅನ್ನುವವರೂ ಇದ್ದಾರೆ. ಅದಕ್ಕೆ ನನ್ನ ಹತ್ತಿರ ಲೆಕ್ಕ ಇಲ್ಲ.

ಇನ್ನು ಎತ್ತುಗಳನ್ನು ಅವಸರದಲ್ಲಿ ಮಾರಬೇಡಿ. ಬೆಳೆ ಮೊಣಕಾಲೆತ್ತರ ಬಂದ ಮೇಲೆ ದೊಡ್ಡ ಟ್ರ್ಯಾಕ್ಟರ್ ಸಾಲಿನೊಳಗೆ ಹೋಗದು. ಮಾರಿದವರು ಎಡೆ ಹೊಡೆಯಲು, ಅಂದರೆ ಸಾಲುಗಳ ನಡುವಿನ ಕಳೆ ತೆಗೆಯಲು, ಮತ್ತೆ ಎತ್ತಿನ ಬಾಡಿಗೆ ಹುಡುಕುವುದನ್ನು ನೋಡಿದ್ದೇನೆ.

ಹಳೆಯದು ನೋಡಲು ಹೋಗುವುದಾದರೆ ಬೆಳಿಗ್ಗೆಯೇ ಹೋಗಿ, ಎಂಜಿನ್ ತಣ್ಣಗಿರುವಾಗ ಚಾಲೂ ಮಾಡಿಸಿ. ಆರ್‌ಸಿಯಲ್ಲಿ (ನೋಂದಣಿ ಪತ್ರದಲ್ಲಿ) ಸಾಲದ ನಮೂದು ಇದ್ದರೆ, ಸಾಲ ತೀರಿದೆ ಅನ್ನುವ ಬ್ಯಾಂಕಿನ ಎನ್‌ಒಸಿ ಕೈಗೆ ಬರದೆ ಮುಂಗಡ ಕೊಡಬೇಡಿ. ರೋಟವೇಟರ್ ಎತ್ತಿಸಿ, ಹತ್ತು ನಿಮಿಷ ಹಾಗೇ ಬಿಡಿ, ಕೆಳಗೆ ಮಾತ್ರ ಯಾರೂ ನಿಲ್ಲಬೇಡಿ. ತಾನಾಗಿ ಇಳಿಯುತ್ತಾ ಬಂದರೆ ಹೈಡ್ರಾಲಿಕ್ ಕೆಲಸ ಇದೆ ಅಂತ ಅರ್ಥ. ಆ ಖರ್ಚನ್ನು ರೇಟಿನಲ್ಲೇ ಕಡಿಸಿ.