ತೆರೆಯಬಾರದ ಪೊಟ್ಟಣ

ಪೊಟ್ಟಣ ಅಂಗೈಗಿಂತ ಕೊಂಚ ದೊಡ್ಡದು. ಬಾಯಿಗೆ ಮಡಚಿ ಹಾಕಿದ ಕಾಗದದ ಪಟ್ಟಿ, ಪಟ್ಟಿಗೆ ಎರಡು ಸ್ಟೇಪ್ಲರ್ ಪಿನ್ನು. ಪಿನ್ನುಗಳಿಗೆ ತುಕ್ಕು ಹಿಡಿದು ಸುತ್ತಲಿನ ಕಾಗದದ ಮೇಲೆ ಕಂದು ಕಲೆ ಮೂಡಿದೆ. ಒಳಗಿರುವುದು ಎರಕ ಹೊಯ್ದ ಅಲ್ಯೂಮಿನಿಯಂನ ಒಂದು ಪುಟ್ಟ ತೋಳು, ಆಟಿಕೆ ಕಾರಿನ ಚಕ್ರವನ್ನು ಹಿಡಿದಿಡುವಂಥದ್ದು. ಇದನ್ನು ಹುಡುಕಲು ನನಗೆ ಹನ್ನೊಂದು ತಿಂಗಳು ಹಿಡಿಯಿತು. ಕೈಗೆ ಬಂದ ಮೇಲೆ ಹದಿನಾರು ದಿನ ಮೇಜಿನ ಮೇಲೆ ಹಾಗೆಯೇ ಇತ್ತು. ದಿನಕ್ಕೆರಡು ಸಲ ಎತ್ತುವುದು, ಬೆಳಕಿಗೆ ಹಿಡಿದು ನೋಡುವುದು, ಮತ್ತೆ ಇಡುವುದು. “ಅದೇನು ಒಡವೆಯೋ, ಸಾಮಾನೋ?” ಎಂದು ಹೆಂಡತಿ ಕೇಳಿದಳು. ನನಗೂ ಅದೇ ಪ್ರಶ್ನೆಯಿತ್ತು.

ತೋಳು ಬೇಕಾಗಿದ್ದದ್ದು ಸ್ಯಾಂಡ್ ಸ್ಕಾರ್ಚರ್ ಎಂಬ ನನ್ನ ಹಳೆಯ ರೇಡಿಯೋ ನಿಯಂತ್ರಿತ ಕಾರಿಗೆ. ಜಪಾನಿನ ಷಿಜುವೋಕಾದ ತಮಿಯಾ ಕಂಪನಿ ತನ್ನ ಮೊದಲ ರೇಡಿಯೋ ನಿಯಂತ್ರಿತ ಕಾರನ್ನು, ಅಂದರೆ ಪೋರ್ಷೆ 934ರ ಮಾದರಿಯನ್ನು, ತಂದದ್ದು 1976ರಲ್ಲಿ. ಅದು ನುಣುಪು ನೆಲದ ಕಾರು. 1979ರಲ್ಲಿ ಬಂದ ರಫ್ ರೈಡರ್ ಮತ್ತು ಸ್ಯಾಂಡ್ ಸ್ಕಾರ್ಚರ್ ಜೋಡಿ ಮಣ್ಣಿಗೆ, ಮರಳಿಗೆ ಇಳಿಯಿತು. ಸ್ಕಾರ್ಚರ್‌ನ ಮೈ ಮರುಭೂಮಿಯ ಓಟಕ್ಕೆಂದು ಕತ್ತರಿಸಿ ತಿದ್ದಿದ ಫೋಕ್ಸ್‌ವ್ಯಾಗನ್ ಬೀಟಲ್‌ನದು, ಅಳತೆ ಹತ್ತರಲ್ಲಿ ಒಂದು. ಮೈಯಷ್ಟೇ ಅಲ್ಲ, ಒಳಗಿನ ಅಂಗಾಂಗವೂ ಅಸಲಿ ಬೀಟಲ್‌ನ ಅಣಕು. ಮುಂದಿನ ಒಂದೊಂದು ಚಕ್ರಕ್ಕೂ ಮೇಲೊಂದು, ಕೆಳಗೊಂದು ಹಿಂದಕ್ಕೆ ಚಾಚಿದ ತೋಳು, ಅದೂ ಲೋಹದ್ದು. ಚಾಸಿ ಗಾಜಿನ ನಾರಿನ ಹಲಗೆ. ಬ್ಯಾಟರಿ, ರಿಸೀವರ್, ರೇಡಿಯೋ ಹೇಳಿದಂತೆ ಹೊರಳುವ ಸರ್ವೋ ಎಂಬ ಪುಟ್ಟ ಮೋಟಾರುಗಳು, ಎಲ್ಲವೂ ನೀರು ನುಗ್ಗದಂತೆ ಒಂದು ಪಾರದರ್ಶಕ ಪೆಟ್ಟಿಗೆಯೊಳಗೆ. ಆಟಿಕೆಗೆ ಇಷ್ಟೆಲ್ಲ ಯಾಕೆ ಎಂದು ಆ ಕಾಲದಲ್ಲಿ ಯಾರೂ ಕೇಳದಿದ್ದದ್ದು ನಮ್ಮ ಪುಣ್ಯ.

ಕಾರು ನನಗೆ ಸಿಕ್ಕಾಗ ಒಂದು ರಟ್ಟಿನ ಡಬ್ಬಿಯಲ್ಲಿ ರಾಶಿಯಾಗಿತ್ತು. ಎಡ ಮುಂಭಾಗದ ಕೆಳತೋಳು ನಡುವೆಯೇ ತುಂಡು. ಎರಕದ ಲೋಹದ ಗುಣವೇ ಅದು: ಬಾಗುವುದಿಲ್ಲ, ಮುರಿಯುತ್ತದೆ. ಮುರಿದ ಬಾಯಿ ಸಕ್ಕರೆಯ ಹಾಗೆ ಹರಳುಹರಳಾಗಿ ಹೊಳೆಯುತ್ತಿತ್ತು. ಬ್ಯಾಟರಿಯ ಲೋಹದ ತುದಿಗಳಿಗೆ ಬಿಳಿ-ಹಸಿರು ಬೂಸ್ಟಿನಂಥದ್ದು ಕಟ್ಟಿತ್ತು. ಹಳೆಯ ನಿಕೆಲ್-ಕ್ಯಾಡ್ಮಿಯಂ ಸೆಲ್ಲುಗಳು ಸೋರಿದ ಕ್ಷಾರ ಅದು. ವಿನಿಗರ್ ಅದ್ದಿದ ಹತ್ತಿಯಲ್ಲಿ ಒರೆಸಿದರೆ ನೊರೆಯೆದ್ದು ಹೋಗುತ್ತದೆ, ಆದರೆ ಅದು ತಿಂದ ಲೋಹ ವಾಪಸು ಬರುವುದಿಲ್ಲ.

ಸ್ಕ್ರೂ ಬಿಚ್ಚುವಾಗಲೇ ಮೊದಲ ಪಾಠವಾಯಿತು. ನನ್ನ ಬಳಿ ಇದ್ದದ್ದು ಸಾಮಾನ್ಯ ನಕ್ಷತ್ರದ ಸ್ಕ್ರೂ ಡ್ರೈವರ್. ಜಪಾನೀ ಸ್ಕ್ರೂಗಳ ತಲೆಯೂ ನೋಡಲು ಹಾಗೆಯೇ ಇರುತ್ತದೆ, ಒಳಗಿನ ಕೋನ ಬೇರೆ. ಮೂರನೆಯ ಸ್ಕ್ರೂವಿನಲ್ಲಿ ಡ್ರೈವರ್ ಜಾರಿ ತಲೆಯನ್ನು ಕೆರೆದುಹಾಕಿತು. ಕೆರೆದ ತಲೆಗೆ ಸಣ್ಣ ಗರಗಸದಿಂದ ಗೆರೆ ಹಾಕಿ, ಚಪ್ಪಟೆ ಡ್ರೈವರ್ ಕೊಟ್ಟು, ಉಸಿರು ಹಿಡಿದು ತಿರುಗಿಸಿದೆ. ಮಾರನೆಯ ದಿನವೇ ಜಪಾನೀ ಅಳತೆಯ ಡ್ರೈವರ್ ತರಿಸಲು ಕುಳಿತೆ. ಅದು ಬರುವವರೆಗೆ ಕಾಯುವ ತಾಳ್ಮೆ ಇದ್ದಿದ್ದರೆ ಇನ್ನೆರಡು ಸ್ಕ್ರೂಗಳೂ ಉಳಿಯುತ್ತಿದ್ದವು.

ಗೇರ್‌ಬಾಕ್ಸ್ ತೆರೆದ ಸಂಜೆ ಮಾತ್ರ ಮರೆಯುವಂಥದ್ದಲ್ಲ. ಎರಡು ಹೋಳನ್ನು ಬೇರ್ಪಡಿಸಿದಾಗ ಗ್ರೀಸ್ ಇರಬೇಕಾದ ಜಾಗದಲ್ಲಿ ಕಪ್ಪು ಬೆಲ್ಲದ ಅಚ್ಚಿನಂಥ ಮುದ್ದೆ ಕೂತಿತ್ತು. ಕಡ್ಡಿಯಿಂದ ಚುಚ್ಚಿದರೆ ಕರಕರ ಎಂದಿತು. ಬಿಳಿಯ ಬಟ್ಟಲಿನಲ್ಲಿ ಸೀಮೆಎಣ್ಣೆ ಹಾಕಿ ಮುದ್ದೆಯನ್ನು ಕರಗಿಸಿದೆ. ಎಣ್ಣೆ ಕಪ್ಪಾಯಿತು, ತಳದಲ್ಲಿ ಏನೋ ಉಳಿಯಿತು. ಬಸಿದು, ಸಾಬೂನಿನಲ್ಲಿ ತೊಳೆದು, ಒಣಗಿಸಿ ನೋಡಿದರೆ ಮರಳು. ಚಹಾ ಚಮಚದ ಅರ್ಧದಷ್ಟು. ನಸುಗೆಂಪು ಕಣಗಳ ನಡುವೆ ಅಲ್ಲಲ್ಲಿ ಚಿಪ್ಪಿನ ಚೂರು. ಯಾವ ಕಡಲದಂಡೆಯದೋ, ಯಾರು ಓಡಿಸಿದ್ದೋ. ಗೇರಿನ ಹಲ್ಲುಗಳನ್ನು ಅರೆದು ಮೊನಚು ಮಾಡಿದ್ದು ಇದೇ. ಬಯ್ಯಬೇಕೆನಿಸಲಿಲ್ಲ. ಈ ಕಾರಿನ ಹೆಸರಿಗೆ ತಕ್ಕ ಕೆಲಸವನ್ನು ಅದರ ಕೈಯಲ್ಲಿ ಮಾಡಿಸಿದ ಒಬ್ಬ ಪುಣ್ಯಾತ್ಮನಾದರೂ ಇದ್ದನಲ್ಲ. ಮರಳನ್ನು ಚೆಲ್ಲದೆ ಒಂದು ಚೂರು ಕಾಗದದಲ್ಲಿ ಕಟ್ಟಿಟ್ಟೆ.

ಇಲ್ಲೊಂದು ತಪ್ಪೊಪ್ಪಿಗೆ. ತಮಿಯಾ ಈ ಕಾರನ್ನು 2010ರಲ್ಲಿ ಮತ್ತೆ ಮಾರುಕಟ್ಟೆಗೆ ತಂದಿದೆ. ಹೊಸದರ ಬಹುಪಾಲು ಬಿಡಿಭಾಗಗಳು ಹಳೆಯದಕ್ಕೆ ಕೂರುತ್ತವೆ. ನನ್ನ ಕಾರಿನ ಗೇರುಗಳು, ಟೈರುಗಳು, ಮೈ ಎಲ್ಲವೂ ಆ ಮರುಮುದ್ರಣದವೇ. ಹಳೆಯ ಟೈರು ಬಿಸಿಲಿಗೆ ಬಿರಿದ ಕೆರೆಯಂಗಳದ ಹಾಗಾಗಿತ್ತು, ಬೇರೆ ದಾರಿಯಿರಲಿಲ್ಲ. ಹಳೆಯ ಬುಷ್‌ಗಳನ್ನು ಕಿತ್ತು ಬಾಲ್ ಬೇರಿಂಗ್ ಹಾಕಿದೆ. 27 ಮೆಗಾಹರ್ಟ್ಸ್‌ನ ಹರಳಿನ ರೇಡಿಯೋ ಬಿಟ್ಟು 2.4 ಗಿಗಾಹರ್ಟ್ಸ್‌ನದನ್ನು ಕೂರಿಸಿದೆ. ಅದಕ್ಕೆ ಉದ್ದನೆಯ ಆಂಟೆನಾ ಬೇಕಿಲ್ಲ, ಆದರೂ ಆಂಟೆನಾ ತಂತಿ ಹೋಗುವ ತೆಳ್ಳನೆಯ ಕೊಳವೆಯನ್ನು ಖಾಲಿಯಾಗಿಯೇ ನಿಲ್ಲಿಸಿದ್ದೇನೆ. ಅದಿಲ್ಲದ ಸ್ಕಾರ್ಚರ್ ಜುಟ್ಟು ಬೋಳಿಸಿದಂತೆ ಕಾಣುತ್ತದೆ. ವೇಗ ನಿಯಂತ್ರಿಸುವ ಹಳೆಯ ಯಾಂತ್ರಿಕ ಸ್ವಿಚ್ ಕೂಡ ಶೋಕಿಗಷ್ಟೇ ಇದೆ. ಸರ್ವೋ ಅದರ ತೋಳನ್ನು ಹೊರಳಿಸಿದಂತೆಲ್ಲ ರೆಸಿಸ್ಟರ್ ಮೂಲಕ ಕರೆಂಟು ಹರಿಯುವ ಏರ್ಪಾಡು ಅದು. ನಿಧಾನವಾಗಿ ಓಡಿಸಿದಷ್ಟೂ ಉಳಿದ ಶಕ್ತಿಯೆಲ್ಲ ಶಾಖವಾಗಿ ರೆಸಿಸ್ಟರ್ ಬೆರಳು ಸುಡುತ್ತದೆ. ನಿಜವಾದ ಕೆಲಸ ಈಗ ಪೆಟ್ಟಿಗೆಯ ಮೂಲೆಯಲ್ಲಿ ಅವಿತಿರುವ ಎಲೆಕ್ಟ್ರಾನಿಕ್ ನಿಯಂತ್ರಕದ್ದು.

ಇಷ್ಟೆಲ್ಲ ಬೆರಕೆ ಮಾಡಿದವನು ಒಂದು ತೋಳಿಗೆ ಮಾತ್ರ 1979ರದೇ ಬೇಕೆಂದು ಹಟ ಹಿಡಿದದ್ದು ಯಾಕೆ? ಉಳಿದ ಮೂರು ತೋಳುಗಳು ಹಳೆಯವು, ಮೈತುಂಬ ಗೀರು, ಹೊಳಪು ಹೋಗಿ ಸೀಸದ ಬಣ್ಣ. ಅವುಗಳ ಪಕ್ಕಕ್ಕೆ ಅದೇ ಕಾಲದ ತೋಳೇ ನಿಲ್ಲಲಿ ಎನಿಸಿತು. ಇದಕ್ಕಿಂತ ದೊಡ್ಡ ತರ್ಕ ನನ್ನಲ್ಲಿರಲಿಲ್ಲ.

ಪೊಟ್ಟಣ ಕೊಡಿಸಿದ್ದು ಹಳೆಯ ಕಿಟ್‌ಗಳನ್ನು ಸಂಗ್ರಹಿಸುವ ಒಬ್ಬ ಗೆಳೆಯ. ಅವನ ಕಪಾಟಿನಲ್ಲಿ ಡಬ್ಬಿ ತೆರೆಯದ ಕಾರುಗಳು ಸಾಲಾಗಿವೆ, ಓಡುವುದು ಒಂದೂ ಇಲ್ಲ. ಆ ಭಾನುವಾರ ಬೆಳಿಗ್ಗೆ ಅವನಿಗೆ ಫೋನು ಮಾಡಿ, “ಇವತ್ತು ಹರಿಯುತ್ತೇನೆ” ಎಂದೆ.

“ಬೇಡ ಮಾರಾಯ. ಪಿನ್ನು ಕಿತ್ತರೆ ಅದು ಪೊಟ್ಟಣವಲ್ಲ, ಬರೀ ತೋಳು.”

“ನನಗೆ ಬೇಕಾಗಿರುವುದು ತೋಳೇ.”

“ಹಾಗಿದ್ದರೆ ಹೊಸದನ್ನು ಹಾಕಿಕೊಳ್ಳಬೇಕಿತ್ತು. ಇದನ್ನು ನನಗೇ ಬಿಟ್ಟಿದ್ದರಾಗಿತ್ತು.”

ಅವನ ಮಾತಿನಲ್ಲಿ ನ್ಯಾಯವಿತ್ತು. ಅದಕ್ಕೇ ಬೇಗ ಫೋನಿಟ್ಟೆ.

ಚಾಕುವಿನ ತುದಿಯಿಂದ ಪಿನ್ನಿನ ಕಾಲುಗಳನ್ನು ಎತ್ತಿದೆ. ಒಂದು ಬಂತು, ಇನ್ನೊಂದು ತುಕ್ಕಿನ ಪುಡಿಯಾಗಿ ಉದುರಿತು. ಚೀಲದೊಳಗಿಂದ ಹಳೆಯ ಪ್ಲಾಸ್ಟಿಕ್ಕಿನ ಸಿಹಿಯಾದ ವಾಸನೆ ಹೊರಬಿತ್ತು. ಅಂಗೈಗೆ ಬಿದ್ದ ತೋಳು ತಣ್ಣಗಿತ್ತು. ಅಚ್ಚಿನ ಎರಡು ಹೋಳು ಕೂಡಿದ ಕಡೆ ಕೂದಲೆಳೆಯಂಥ ಗೆರೆ, ಒಂದು ಬದಿಯಲ್ಲಿ ಎರಕ ಸರಿಯಾಗಿ ತುಂಬದೆ ಸಾಸಿವೆ ಕಾಳಿನಷ್ಟು ಕುಳಿ. ನಲವತ್ತು ವರ್ಷಕ್ಕೂ ಮೇಲೆ ಜೋಪಾನವಾಗಿ ಕಾದ ವಸ್ತುವಿನಲ್ಲೇ ಕಾರ್ಖಾನೆಯ ಊನ ಕಂಡು ನನಗೆ ಒಂಥರಾ ಸಮಾಧಾನವಾಯಿತು. ಮುಟ್ಟಬಾರದ ವಿಗ್ರಹ ಅಷ್ಟರಲ್ಲಿ ಸಾಮಾನಾಯಿತು. ಗೆರೆಯನ್ನು ಸಣ್ಣ ಅರದಿಂದ ಉಜ್ಜಿ, ರಂಧ್ರದಲ್ಲಿ ಪಿನ್ನು ಸಲೀಸಾಗಿ ಆಡುವಷ್ಟು ಸವರಿ, ಜೋಡಿಸಿದೆ. ಹತ್ತು ನಿಮಿಷದ ಕೆಲಸ.

ಅದನ್ನು ಕಾಯಲು ಮುಂಚೆಯೇ ಒಂದು ಬಂಪರ್ ಮಾಡಿಟ್ಟಿದ್ದೆ. ಇದು ತಮಿಯಾದ್ದಲ್ಲ, ಪೂರ್ತಿ ನನ್ನದೇ. ಎರಡು ಮಿಲಿಮೀಟರ್ ಅಲ್ಯೂಮಿನಿಯಂ ತಗಡನ್ನು ವೈಸಿನಲ್ಲಿ ಹಿಡಿದು, ಮರದ ಸುತ್ತಿಗೆಯಲ್ಲಿ ಬಡಿದು ಬಾಗಿಸಿದ್ದು. ಮೊದಲೆರಡು ಬಾಗಿದಲ್ಲೇ ಸೀಳಿದವು. ಮೂರನೆಯದು ನಿಂತಿತು. ಬಂಪರ್ ಹಿಡಿದಿಡುವ ಹಲಗೆಗೆ ಚಾಸಿಯಂಥದೇ ಗಾಜಿನ ನಾರಿನ ತುಂಡು ಕತ್ತರಿಸಿದೆ. ಆ ಧೂಳು ಮೈಗೆ ಬಿದ್ದರೆ ಎರಡು ದಿನ ತುರಿಕೆ, ಮೂಗಿಗೆ ಹೋದರೆ ಇನ್ನೂ ಕೆಟ್ಟದ್ದು. ಆದ್ದರಿಂದ ಮುಖಗವಸು ಹಾಕಿ, ನೀರು ಚಿಮುಕಿಸುತ್ತಲೇ ಗರಗಸ ಆಡಿಸಿದೆ. ಕತ್ತರಿಸಿದ ಅಂಚಿಗೆ ನೀರಿನಂತೆ ತೆಳುವಾದ ಅಂಟು ಕುಡಿಸಿದರೆ ಪದರ ಬಿಚ್ಚಿಕೊಳ್ಳುವುದಿಲ್ಲ. ಸಾಸಿವೆ ಹೂವಿನ ಹಳದಿ ಬಳಿದ ಮೈ, ಕಪ್ಪು ಬಂಪರ್. ಡಬ್ಬಿಯ ಚಿತ್ರದಲ್ಲಿ ಹೀಗಿಲ್ಲ. ಇರಬೇಕೆಂದೂ ಇಲ್ಲ.

ಸಂಜೆ ಬಯಲಿಗೆ ಒಯ್ದೆ. ಕಾರಿನ 540 ಅಳತೆಯ ಮೋಟಾರನ್ನು ಹಿಂದಿನ ವಾರವೇ ಮೂರು ವೋಲ್ಟಿನಲ್ಲಿ ಹೊರೆಯಿಲ್ಲದೆ ಓಡಿಸಿ ಹೊಸ ಕಾರ್ಬನ್ ಬ್ರಷ್‌ಗಳನ್ನು ಹದಕ್ಕೆ ತಂದಿದ್ದೆ. ಈಗ ಆರು ಸೆಲ್ಲಿನ 7.2 ವೋಲ್ಟ್ ಸಿಕ್ಕಿದ್ದೇ ತಡ, ಕುಕ್ಕರಿನಂತೆ ಕೂಗಿಕೊಂಡು ಹೊರಟಿತು. ಇಂದಿನ ಕಾರುಗಳ ಮುಂದೆ ಇದರ ವೇಗ ಏನೂ ಅಲ್ಲ. ಭಾರವೆಲ್ಲ ಹಿಂದೆ, ಆದ್ದರಿಂದ ಆಕ್ಸಿಲರೇಟರ್ ಒತ್ತಿದರೆ ಮೂತಿ ಎತ್ತುತ್ತದೆ, ಹ್ಯಾಂಡಲ್ ಹೊರಳಿಸಿದರೂ ಮುಂಗಾಲು ನೆಲ ಕಚ್ಚದೆ ನೆಟ್ಟಗೇ ಹೋಗುತ್ತದೆ. ಆಕ್ಸಿಲರೇಟರ್ ಬಿಟ್ಟರೆ ಮಾತ್ರ ತಿರುವು. ಇದನ್ನು ಕಲಿಯುವ ಮುನ್ನ ನಾನು ಅಭ್ಯಾಸಬಲದಿಂದ ತಿರುವಿನಲ್ಲಿ ಇನ್ನಷ್ಟು ಒತ್ತಿದೆ. ಹಳದಿ ಬೀಟಲ್ ತಿರುಗುವ ಗೋಜಿಗೇ ಹೋಗದೆ ಸೀದಾ ಒಂದು ಕಲ್ಲಿಗೆ ಹೊಡೆದು ಪಲ್ಟಿ ಹೊಡೆಯಿತು. ಚಕ್ರಗಳು ಗಾಳಿಯಲ್ಲಿ ತಿರುಗುತ್ತಲೇ ಇದ್ದವು.

ಅಷ್ಟು ದೂರ ನಾನು ಇತ್ತೀಚೆಗೆ ಎಂದೂ ಓಡಿಲ್ಲ. ಎತ್ತಿ ನೋಡಿದರೆ ಬಂಪರ್ ಒಳಕ್ಕೆ ಬಾಗಿ ಕಲ್ಲಿನ ಅಚ್ಚು ತೆಗೆದುಕೊಂಡಿತ್ತು. ತೋಳಿನ ಮೇಲೆ ಉಗುರಿನುದ್ದದ ಒಂದು ಗೀರು. ಉಳಿದ ಮೂರರ ಪಕ್ಕದಲ್ಲಿ ಈಗ ಅದನ್ನು ಗುರುತು ಹಿಡಿಯಲು ಕೊಂಚ ಹೊತ್ತು ಬೇಕು.

ಮರುವಾರ ಗೆಳೆಯ ಕಾರು ನೋಡಲು ಬಂದ. ಸುತ್ತ ತಿರುಗಿಸಿ ನೋಡಿ, ಬಂಪರಿನ ತಗ್ಗಿಗೆ ಹೆಬ್ಬೆರಳು ಸವರಿ, ಏನೂ ಹೇಳಲಿಲ್ಲ. ಆಮೇಲೆ ಖಾಲಿ ಚೀಲ ಇಟ್ಟಿದ್ದೀಯಾ ಎಂದು ಕೇಳಿದ. ಕಾಗದದ ಪಟ್ಟಿಯ ಸಮೇತ ಇಟ್ಟಿದ್ದೆ, ಎಸೆಯಲು ಮನಸ್ಸು ಬಂದಿರಲಿಲ್ಲ. ಕೊಟ್ಟೆ. ಅವನು ಅದನ್ನು ಬೆಳಕಿಗೆ ಹಿಡಿದ. ತಳದ ಮೂಲೆಯಲ್ಲಿ ನಸುಗೆಂಪಾಗಿ ಏನೋ ಸರಿಯಿತು.

“ಇದೇನು?”

“ಮರಳು. ಗೇರ್‌ಬಾಕ್ಸ್‌ನಲ್ಲಿತ್ತು. ಕಾಗದ ಹರಿದಿತ್ತು, ಅದಕ್ಕೆ ಇದಕ್ಕೆ ಸುರಿದಿಟ್ಟೆ.”

ಅವನು ಚೀಲವನ್ನು ಇನ್ನೂ ಹತ್ತಿರಕ್ಕೆ ತಂದು, ಕಣ್ಣು ಕಿರಿದು ಮಾಡಿ, ಗಂಭೀರವಾಗಿಯೇ ಕೇಳಿದ:

“ಒರಿಜಿನಲ್ಲಾ?”